ದಸರೆಗೆ ಬಂದ ನೆರಳು

ನಮಸ್ಕಾರ. ಹೋದ ವರ್ಷ ನವೆಂಬರಿನ ಒಂದು ಭಾನುವಾರ. ಒಣಗಿದ ಬಟ್ಟೆ ತರೋಣ ಅಂತ ತಾರಸಿಗೆ ಹೋದೆ. ಮಧ್ಯಾಹ್ನ ಹನ್ನೆರಡರ ಹೊತ್ತು. ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಸುಮ್ನೆ ಪ್ಯಾರಪೆಟ್ ಗೋಡೆಗೆ ಒರಗಿ ಕೆಳಗೆ ಬಗ್ಗಿ ನೋಡಿದೆ. ಅಲ್ಲಿ, ಮನೆಯ ಉತ್ತರಕ್ಕೆ, ನಮ್ಮ ಕೈತೋಟ. ದಿನಾ ಬೆಳಗ್ಗೆ ನೀರು ಹಾಕುವ ಅದೇ ಜಾಗ. ಆದರೆ ಮೇಲಿಂದ ನೋಡಿದ್ದು ಅವತ್ತೇ ಮೊದಲು.

ತೋಟ ಪೂರ್ತಿ ನೆರಳಿನಲ್ಲಿತ್ತು. ಪೂರ್ತಿ ಅಂದರೆ ಪೂರ್ತಿ. ನಮ್ಮ ಮನೆಯ ನೆರಳು ತೋಟವನ್ನು ನುಂಗಿ, ಕಾಂಪೌಂಡ್ ದಾಟಿ, ಪಕ್ಕದ ಮನೆಯ ಗೋಡೆಗೂ ಹತ್ತಿತ್ತು. ನಾನು ನಿಂತಿದ್ದ ತಾರಸಿಯಲ್ಲಿ ಮಾತ್ರ ಕಣ್ಣು ಬಿಡೋಕೆ ಆಗದಷ್ಟು ಬಿಸಿಲು.

ಈ ಚಿತ್ರ ಯಾಕೆ ಹೇಳುತ್ತಿದ್ದೇನೆ ಅಂದರೆ, ಅದಕ್ಕೆ ಹಿಂದಿನ ಒಂದು ತಿಂಗಳು ನಾನು ಆ ತೋಟದಲ್ಲಿ ಮಾಡಬಾರದ್ದೆಲ್ಲಾ ಮಾಡಿದ್ದೆ. ಚಳಿಗಾಲ ಬಂತು, ತರಕಾರಿಗೆ ಒಳ್ಳೆ ಕಾಲ ಅಂತ ಟೊಮೆಟೊ, ಬದನೆ, ಹುರುಳಿಕಾಯಿ, ಸೇವಂತಿಗೆ ಎಲ್ಲಾ ತಂದು ನೆಟ್ಟಿದ್ದೆ. ನರ್ಸರಿಯವರು "ಎಲ್ಲಾ ಬರುತ್ತೆ ಸಾರ್, ಸೀಸನ್ನು" ಅಂದಿದ್ದರು. ಏನೂ ಬರಲಿಲ್ಲ. ಟೊಮೆಟೊ ಗಿಡ ಕಡ್ಡಿಯ ಹಾಗೆ ಉದ್ದಕ್ಕೆ ಎದ್ದು ಅಡ್ಡ ಬಿತ್ತು. ಹುರುಳಿಕಾಯಿ ಎಲೆ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಬಿಳಿ. ಇಬ್ಬನಿ ಹನ್ನೊಂದು ಗಂಟೆಯಾದರೂ ಆರುತ್ತಿರಲಿಲ್ಲ. ನಾನು ಚಳಿಯನ್ನು ಬೈದೆ. ಮಣ್ಣನ್ನು ಬೈದೆ. ಗೊಬ್ಬರ ಹಾಕಿದೆ. ಎಲೆ ಹಳದಿ ಆಯ್ತು ಅಂತ ಇನ್ನೂ ಜಾಸ್ತಿ ನೀರು ಹಾಕಿದೆ. ಅದಂತೂ ತುಂಬಾ ದೊಡ್ಡ ತಪ್ಪು. ಬಿಸಿಲಿಲ್ಲದ ಮಣ್ಣು ಮೊದಲೇ ಆರುವುದಿಲ್ಲ, ಅದರ ಮೇಲೆ ಇನ್ನೊಂದು ಬಕೆಟ್ ನೀರು!

ಅಮ್ಮ ಒಂದೇ ಮಾತು ಹೇಳಿದ್ದಳು. "ಅಲ್ಲಿ ಬಿಸಿಲೇ ಇಲ್ಲ ಕಣೋ." ನಾನು ಕೇಳಲಿಲ್ಲ. ಯಾಕೆ ಅಂದರೆ ಮೇ ತಿಂಗಳಲ್ಲಿ ಅದೇ ಜಾಗದಲ್ಲಿ ನಿಂತರೆ ತಲೆ ಸುಡುತ್ತಿತ್ತು. ಬಿಸಿಲು ಎಲ್ಲಿಗೆ ಹೋಗುತ್ತೆ ಅಂತ ನನ್ನ ವಾದ.

ಎಲ್ಲಿಗೂ ಹೋಗಲ್ಲ, ದಕ್ಷಿಣಕ್ಕೆ ಹೋಗುತ್ತೆ. ಶಾಲೆಯಲ್ಲಿ ದಕ್ಷಿಣಾಯನ ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೆ. ಅದು ನಮ್ಮ ಟೊಮೆಟೊಗೂ ಸೇರಿದ ವಿಷಯ ಅಂತ ಹೊಳೆದಿರಲಿಲ್ಲ, ಅಷ್ಟೇ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ ಇಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳು ಬಾಟಲಿ, ಚೊಂಬು ನಿಲ್ಲಿಸಿ ಫೋಟೋ ತೆಗೆಯುತ್ತಾರಲ್ಲ, ಅದೇ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗಿಂತ ಉತ್ತರಕ್ಕೆ ಇರುತ್ತಾನೆ. ಮನೆಯ ಉತ್ತರದ ಗೋಡೆಗೇ ಬಿಸಿಲು. ಆಗಸ್ಟ್ ಕಳೆದ ಮೇಲೆ ದಿನದಿನಕ್ಕೂ ದಕ್ಷಿಣಕ್ಕೆ ಜಾರುತ್ತಾನೆ. ಡಿಸೆಂಬರ್ 21ರ ಹೊತ್ತಿಗೆ ನಡುಮಧ್ಯಾಹ್ನದಲ್ಲೂ ನೆತ್ತಿಯಿಂದ 36 ಡಿಗ್ರಿ ಕೆಳಗೆ ಇರುತ್ತಾನೆ. ಲೆಕ್ಕ ಸುಲಭ. ಆಗ ಒಂದಡಿ ಗೋಡೆಗೆ ಹೆಚ್ಚುಕಮ್ಮಿ ಮುಕ್ಕಾಲಡಿ ನೆರಳು, ಉತ್ತರದ ಕಡೆಗೆ.

ನಮ್ಮದು ಎರಡಂತಸ್ತು. ಪ್ಯಾರಪೆಟ್ ಸೇರಿ 23 ಅಡಿ. ನೆರಳು 17 ಅಡಿ. ತೋಟದ ಅಗಲ ಎಷ್ಟು ಗೊತ್ತಾ? 8 ಅಡಿ!

ಅವತ್ತು ಸಂಜೆ ಕೂತು ಹಿಂದಕ್ಕೆ ಲೆಕ್ಕ ಹಾಕಿದೆ. ಈ 8 ಅಡಿ ಪಟ್ಟಿಯನ್ನು ಮಧ್ಯಾಹ್ನದ ನೆರಳು ಪೂರ್ತಿ ಮುಚ್ಚುವುದು ಅಕ್ಟೋಬರ್ ಎರಡನೇ ವಾರದಿಂದ. ಬಿಡುವುದು ಮಾರ್ಚ್ ಮೊದಲ ವಾರಕ್ಕೆ. ಅಂದರೆ ದಸರೆಯ ಹೊತ್ತಿಗೆ ಬಂದ ನೆರಳು ಐದು ತಿಂಗಳು ಅಲ್ಲೇ ಠಿಕಾಣಿ. ನಾನು ಸರಿಯಾಗಿ ಅದೇ ಐದು ತಿಂಗಳಿಗೆ ಅಂತ ತರಕಾರಿ ನೆಟ್ಟಿದ್ದೆ. ಪೂರ್ವದ ಮೂಲೆಯಲ್ಲಿ ಬೆಳಗ್ಗೆ ಚಾಪೆಯಷ್ಟು ಬಿಸಿಲು ಬೀಳುತ್ತೆ. ಆ ಚಾಪೆಯ ಮೇಲಿದ್ದ ಎರಡು ಬದನೆ ಗಿಡ ಮಾತ್ರ ಚೆನ್ನಾಗಿದ್ದವು. ಅವುಗಳಿಗೆ ನಾನು ವಿಶೇಷ ಏನೂ ಮಾಡಿರಲಿಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಕೆಲವರಿಗೆ ಸಿಟ್ಟು ಬರಬಹುದು.

ಮನೆ ಕಟ್ಟುವಾಗ ನಾವೆಲ್ಲ ಏನು ಮಾಡುತ್ತೇವೆ? ಉತ್ತರ ಮತ್ತು ಪೂರ್ವಕ್ಕೆ ಜಾಸ್ತಿ ಜಾಗ ಬಿಡಬೇಕು, ದಕ್ಷಿಣ ಮತ್ತು ಪಶ್ಚಿಮಕ್ಕೆ ಕಡಿಮೆ. ವಾಸ್ತು. ನಮ್ಮ ಮನೆಯಲ್ಲೂ ಹಾಗೇ. 30/40 ಸೈಟು, ದಕ್ಷಿಣಕ್ಕೆ 3 ಅಡಿ, ಉತ್ತರಕ್ಕೆ 8. ಬಿಟ್ಟ ಜಾಗದಲ್ಲಿ ತಾನೆ ತೋಟ ಮಾಡುವುದು? ಹಾಗಾಗಿ ಸಾವಿರಾರು ಮನೆಗಳ ಕೈತೋಟ ಉತ್ತರಕ್ಕೇ ಇದೆ. ಬೇಸಿಗೆಯಲ್ಲಿ ನೆರಳು ಬೇಕು ಅನ್ನುವಾಗ ಬಿಸಿಲು, ಚಳಿಯಲ್ಲಿ ಬಿಸಿಲು ಬೇಕು ಅನ್ನುವಾಗ ನೆರಳು. ಸರಿಯಾಗಿ ತಲೆಕೆಳಗು.

ತಾಳಿ, ನಾನು ವಾಸ್ತುವನ್ನು ಬೈಯುತ್ತಿಲ್ಲ. ನನ್ನ ಅಜ್ಜಿಯ ಊರಿನ ಮನೆ ನೆನಪು ಮಾಡಿಕೊಳ್ಳುತ್ತೇನೆ. ನಾಡಹೆಂಚಿನ ಮನೆ, ಸೂರು ಕೈಗೆಟುಕುವಷ್ಟು ತಗ್ಗು. ಹಿತ್ತಲು ದನ ಕಟ್ಟಿ, ಬಣವೆ ಹಾಕಿ, ಇನ್ನೂ ಮಿಗುವಷ್ಟು ದೊಡ್ಡದು. ಆ ಮನೆಗೆ 10 ಅಡಿ ಅಂದುಕೊಂಡರೂ ಡಿಸೆಂಬರಿನ ನೆರಳು ಏಳೂವರೆ ಅಡಿ. ಆಚೆ ಎಲ್ಲಾ ಬಿಸಿಲು. ಆ ಮನೆಯಲ್ಲಿ ಉತ್ತರಕ್ಕೆ ಜಾಗ ಬಿಟ್ಟರೆ ಯಾವ ಗಿಡಕ್ಕೂ ತೊಂದರೆ ಇರಲಿಲ್ಲ. ನಾವು ಆ ನಿಯಮವನ್ನು ಮಾತ್ರ ಎತ್ತಿಕೊಂಡು ಬಂದು 30/40ರಲ್ಲಿ ಕೂರಿಸಿದೆವು. ಮೇಲೆ ಮಹಡಿ, ಅದರ ಮೇಲೆ ಇನ್ನೊಂದು. ಹಿತ್ತಲನ್ನು ತರೋಕೆ ಆಗಲಿಲ್ಲ.

ಹಿಂದಿನವರು ಸೂರ್ಯನನ್ನು ನೋಡುತ್ತಿದ್ದರು. ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಗೆ ಹೋಗಿದ್ದೀರಲ್ಲ? ಮಕರ ಸಂಕ್ರಾಂತಿಯ ಸಂಜೆ ಬಿಸಿಲು ಹೊರಗಿನಿಂದ ಬಂದು, ನಂದಿಯ ಕೊಂಬುಗಳ ನಡುವೆ ಹಾದು, ಗವಿಯೊಳಗಿನ ಲಿಂಗದ ಮೇಲೆ ಬೀಳುತ್ತೆ. ಟಿವಿಯಲ್ಲಿ ಪ್ರತಿ ವರ್ಷ ತೋರಿಸುತ್ತಾರೆ. ಇದನ್ನು ಮಾಡಿದವರು ಚಳಿಗಾಲದ ಸೂರ್ಯ ಎಲ್ಲಿ ಮುಳುಗುತ್ತಾನೆ ಅಂತ ಕಣ್ಣಾರೆ ಕಂಡು ಗುರುತು ಹಾಕಿಕೊಂಡಿರಬೇಕು. ನಾವು ಆ ಬೆಳಕಿಗೆ ಕೈ ಮುಗಿದು ಮನೆಗೆ ಬರುತ್ತೇವೆ. ನಮ್ಮ ಮನೆ ಅಂಗಳದಲ್ಲಿ ಅದೇ ದಿನ ಬಿಸಿಲು ಎಲ್ಲಿದೆ ಅಂತ ಕೇಳಿದರೆ ಗೊತ್ತಿಲ್ಲ. ಮೊಬೈಲಿನಲ್ಲಿ ದಿಕ್ಸೂಚಿ ಇದೆ, ಸಾಕಲ್ಲ!

ಇನ್ನೊಂದು ತಮಾಷೆ. ಚಳಿ ಚಳಿ ಅನ್ನುತ್ತೇವಲ್ಲ, ಬೆಂಗಳೂರಿನ ಚಳಿ ಗಿಡಕ್ಕೆ ಅಂಥಾ ಚಳಿಯೇ ಅಲ್ಲ. ಇಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈಗ ಡಿಸೆಂಬರಿನ ರಾತ್ರಿ 15, 16 ಡಿಗ್ರಿ. ಗಿಡ ಸಾಯುವ ಚಳಿಯಲ್ಲ ಅದು. ನಮಗೆ ಸ್ವೆಟರ್ ಬೇಕು, ಟೊಮೆಟೊಗೆ ಬೇಡ. ಅದಕ್ಕೆ ಬೇಕಾದ್ದು ಆರು ಗಂಟೆ ಬಿಸಿಲು.

ಗಿಡಗಳಿಗೆ ಚಳಿಗಾಲ ಬಂತು ಅಂತ ಗೊತ್ತಾಗುವುದೂ ಬೆಳಕಿನಿಂದಲೇ. ಅವರೆ ನೋಡಿ. ನಾಟಿ ಅವರೆ ಬಳ್ಳಿ ಮಳೆಗಾಲವೆಲ್ಲಾ ಸುಮ್ನೆ ಎಲೆ ಬಿಟ್ಟುಕೊಂಡು ಹಬ್ಬುತ್ತೆ. ಹಗಲು ಗಿಡ್ಡ ಆದ ಮೇಲೆ ಹೂವು. ನಮ್ಮಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ವ್ಯತ್ಯಾಸ ಬರೀ ಒಂದೂವರೆ ಗಂಟೆ. ಅಷ್ಟನ್ನೇ ಬಳ್ಳಿ ಅಳೆಯುತ್ತೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರ ಹೆಬ್ಬಾಳ ಅವರೆ 3, 4 ತಳಿಗಳಿಗೆ ಈ ಹಂಗಿಲ್ಲ, ಬೇರೆ ಕಾಲದಲ್ಲೂ ಕಾಯಿ ಬಿಡುತ್ತವೆ. ಒಳ್ಳೆಯದೇ. ಆದರೆ ನನಗೆ ಇಬ್ಬನಿ ಬಿದ್ದ ಮೇಲಿನ ಸೊಗಡೇ ಬೇಕು. ಇದು ನಾಲಗೆಯ ಪಕ್ಷಪಾತ, ವಾದ ಮಾಡಬೇಡಿ.

ಸೇವಂತಿಗೆಯೂ ಹೀಗೇ. ರಾತ್ರಿ ವಿಮಾನದಲ್ಲಿ ಬೆಂಗಳೂರಿಗೆ ಇಳಿಯುವಾಗ ಕಿಟಕಿ ಪಕ್ಕ ಕೂತಿದ್ದರೆ ನೋಡಿರುತ್ತೀರಿ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಹೊಲದ ತುಂಬಾ ಸಾಲು ಸಾಲು ಬಲ್ಬು. ಮದುವೆ ಮನೆ ಅಲ್ಲ, ಸೇವಂತಿಗೆ ಹೊಲ. ರಾತ್ರಿ ಬಲ್ಬು ಹಚ್ಚಿದರೆ ಗಿಡ ಇನ್ನೂ ಹಗಲು ದೊಡ್ಡದಿದೆ ಅಂದುಕೊಂಡು ಮೊಗ್ಗು ತಡೆಹಿಡಿಯುತ್ತೆ. ಹಬ್ಬದ ಲೆಕ್ಕ ನೋಡಿ ರೈತರು ಬಲ್ಬು ಆರಿಸುತ್ತಾರೆ. ನಮ್ಮ ಗೇಟಿನ ಮುಂದೆ ಒಂದು ಬೀದಿದೀಪ ಇದೆ. ಅದರ ಕೆಳಗಿದ್ದ ಅವರೆ ಬಳ್ಳಿ ತಾರಸಿಯದಕ್ಕಿಂತ ಮೂರು ವಾರ ತಡವಾಗಿ ಹೂ ಬಿಟ್ಟಿತು. ಬೀದಿದೀಪದ್ದೇ ಕೆಲಸ ಅಂತ ನನ್ನ ಅನುಮಾನ.

ಹಾಗಾದರೆ ಉತ್ತರದ ತೋಟಕ್ಕೆ ಟೈಲ್ಸ್ ಹಾಕಿ ಕೈ ತೊಳೆದುಕೊಳ್ಳೋದಾ? ಬೇಡ, ದಯವಿಟ್ಟು ಬೇಡ. ಮೇಲಿಂದ ನೋಡಿದ ಅದೇ ದಿನ ನನಗೆ ಇನ್ನೊಂದು ಕಂಡಿತ್ತು. ಕಾಂಪೌಂಡಿನ ಪಕ್ಕ ಅಮ್ಮ ಮೇ ತಿಂಗಳಲ್ಲಿ ಹೂತಿದ್ದ ಅರಿಶಿನ. ಎಲೆ ಹಳದಿ ತಿರುಗಿ, ಸುಸ್ತಾದವರ ಹಾಗೆ ಪಕ್ಕಕ್ಕೆ ವಾಲಿತ್ತು. ಕೆಳಗಿದ್ದಾಗ ಅದನ್ನೂ ರೋಗ ಅಂದುಕೊಂಡಿದ್ದೆ. ರೋಗ ಅಲ್ಲ. ಅರಿಶಿನ ಇರುವುದೇ ಹಾಗೆ. ಬೇಸಿಗೆ ಕೊನೆಗೆ ಹೂತರೆ, ಬಿಸಿಲು, ಮಳೆ ಎರಡನ್ನೂ ಕುಡಿದು, ಚಳಿ ಬಂದಾಗ ಎಲೆ ಒಣಗಿಸಿಕೊಂಡು ಗೆಡ್ಡೆಯೊಳಗೆ ಮಲಗುತ್ತೆ. ಸಂಕ್ರಾಂತಿ ಹೊತ್ತಿಗೆ ಅಗೆಯಬಹುದು. ಶುಂಠಿ, ಸುವರ್ಣಗೆಡ್ಡೆ, ಕೆಸು, ಇವುಗಳ ಲೆಕ್ಕವೂ ಹೆಚ್ಚುಕಮ್ಮಿ ಅದೇ. ಉತ್ತರದ ಪಟ್ಟಿಯ ಬಿಸಿಲಿಗೂ ಇವುಗಳ ಆಯಸ್ಸಿಗೂ ಯಾರೋ ಜಾತಕ ಕೂಡಿಸಿದ ಹಾಗಿದೆ. ಬಿಸಿಲು ಇರುವಾಗ ಬೆಳೆಯುತ್ತವೆ, ನೆರಳು ಬಂದಾಗ ಅವುಗಳ ಕೆಲಸ ಮುಗಿದಿರುತ್ತೆ. ನೆರಳಿನ ಐದು ತಿಂಗಳಿಗೆ ಪುದೀನ, ಒಂದೆಲಗ, ದೊಡ್ಡಪತ್ರೆ. ಇವು ಮುನಿಸಿಕೊಳ್ಳುವುದಿಲ್ಲ.

ಟೊಮೆಟೊ, ಅವರೆ, ಸೇವಂತಿಗೆ ಎಲ್ಲಾ ಈಗ ತಾರಸಿಯಲ್ಲಿವೆ. ಅಲ್ಲೂ ಪೂರ್ತಿ ಸುಖ ಇಲ್ಲ. ದಕ್ಷಿಣದ ಪಕ್ಕದವರು ಎರಡು ವರ್ಷದ ಹಿಂದೆ ಮೇಲೆ ಇನ್ನೊಂದು ಅಂತಸ್ತು ಎತ್ತಿದರು. ಡಿಸೆಂಬರಿನಲ್ಲಿ ನಮ್ಮ ತಾರಸಿಯ ಆರಡಿ ಅವರ ನೆರಳಿಗೆ ಹೋಯಿತು. ನಾನು ತಿಂಗಳುಗಟ್ಟಲೆ ಗೊಣಗಿದೆ. ಸೈಟಿನ ಕ್ರಯಪತ್ರದಲ್ಲಿ ಉದ್ದ, ಅಗಲ, ಚೆಕ್ಕುಬಂದಿ ಎಲ್ಲಾ ಬರೆಯುತ್ತಾರೆ, ಬಿಸಿಲು ಎಷ್ಟು ಅಂತ ಯಾಕೆ ಬರೆಯಲ್ಲ ಅಂತ ಊಟಕ್ಕೆ ಕೂತಾಗಲೆಲ್ಲಾ ಭಾಷಣ.

ನೀವು ಏನು ಮಾಡಬಹುದು ಅಂದರೆ, ಗಿಡ ತರುವ ಮೊದಲು ಒಂದು ದಿನ ಮೂರು ಸಲ ತಾರಸಿ ಹತ್ತಿ. ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ಮೂರೂವರೆ. ಒಂದೇ ಜಾಗದಿಂದ ಫೋಟೋ ತೆಗೆಯಿರಿ. ಮೇ ತಿಂಗಳಲ್ಲಿ ಇನ್ನೊಮ್ಮೆ. ಎರಡೂ ಪಕ್ಕಪಕ್ಕ ಇಟ್ಟು ನೋಡಿ, ಅದು ನಿಮ್ಮದೇ ತೋಟವಾ ಅಂತ ಅನುಮಾನ ಬರುತ್ತೆ. ನಾನು ಇನ್ನೂ ಸ್ವಲ್ಪ ಹುಚ್ಚು ಮಾಡಿದೆ. ಆಗಸ್ಟಿನಿಂದ ಹದಿನೈದು ದಿನಕ್ಕೊಮ್ಮೆ ನೆರಳಿನ ಅಂಚಿಗೆ ರಂಗೋಲಿ ಪುಡಿ ಸುರಿದು ಗೆರೆ ಎಳೆದೆ. ಗೆರೆ ನಿಧಾನಕ್ಕೆ ಕಾಂಪೌಂಡ್ ಕಡೆ ಸರಿಯುತ್ತಾ ಹೋಯಿತು. ಅಮ್ಮ ಬೈದಳು. "ಬಾಗಿಲ ಮುಂದೆ ಹಾಕೋ ಅಂದ್ರೆ ಹಾಕಲ್ಲ, ಇಲ್ಲಿ ಗೊಬ್ಬರದ ಗುಂಡಿ ಹತ್ರ ರಂಗೋಲಿ!" ಅಕ್ಟೋಬರ್ ಎರಡನೇ ವಾರಕ್ಕೆ ಗೆರೆ ಎಳೆಯಲು ಜಾಗವೇ ಉಳಿಯಲಿಲ್ಲ.

ಈ ಡಿಸೆಂಬರಿನಲ್ಲಿ ಒಂದು ದಿನ ಮಧ್ಯಾಹ್ನ ಮತ್ತೆ ಅಲ್ಲೇ ನಿಂತು ಫೋಟೋ ತೆಗೆಯುತ್ತಿದ್ದೆ. ನಮ್ಮ ಪ್ಯಾರಪೆಟ್ಟಿನ ನೆರಳು ಉತ್ತರದ ಪಕ್ಕದ ಮನೆ ಗೋಡೆಯ ಮೇಲೆ, ಕೆಳಗಿನ ಕಿಟಕಿ ಮುಚ್ಚಿಕೊಂಡು ನೆಟ್ಟಗೆ ನಿಂತಿತ್ತು. ಅದರ ಮೇಲೆ ಒಂದು ತಲೆಯ ನೆರಳು. ನನ್ನದೇ. ಅವರ ಕಡೆಯ ನಾಲ್ಕಡಿ ಜಾಗದಲ್ಲಿ ಒಂದು ಖಾಲಿ ತುಳಸಿ ಕಟ್ಟೆ ಇತ್ತು. ಗಿಡವನ್ನು ಆ ಆಂಟಿ ಕುಂಡಕ್ಕೆ ಹಾಕಿ ತಮ್ಮ ಮಹಡಿಯ ಮೆಟ್ಟಿಲ ಮೇಲೆ, ಬಿಸಿಲಿಗೆ ಇಟ್ಟಿದ್ದರು. ಎಷ್ಟು ವರ್ಷದಿಂದ ಹಾಗೆ ಇಡುತ್ತಿದ್ದಾರೋ. ದಕ್ಷಿಣದವರ ಬಗ್ಗೆ ನಾನು ಮಾಡಿದ ಭಾಷಣ ಎಲ್ಲಾ ನೆನಪಾಯಿತು.

ಅಷ್ಟರಲ್ಲಿ ಆಂಟಿಯೇ ಹೊರಗೆ ಬಂದು ಕತ್ತೆತ್ತಿದರು.

"ಏನಪ್ಪಾ, ಮೇಲೆ ನಿಂತು ಏನು ನೋಡ್ತಿದ್ದೀಯ?"

"ನೆರಳು ಆಂಟಿ. ನಮ್ಮನೆ ನೆರಳು ನಿಮ್ಮನೆ ಮೇಲೆ ಬಿದ್ದಿದೆ."

"ಅಯ್ಯೋ ಅದಾ" ಅಂದರು. "ಶಿವರಾತ್ರಿಗೆ ಚಳಿ ಜೊತೆ ಅದೂ ಶಿವ ಶಿವಾ ಅಂತ ಹೋಗುತ್ತೆ ಬಿಡು. ನಿಮ್ಮಮ್ಮನಿಗೆ ಅರಿಶಿನ ಯಾವಾಗ ಅಗೀತಾರೆ ಅಂತ ಕೇಳು."