ಧ್ರುವನನ್ನು ಅಳೆದ ಮೇಷ್ಟ್ರು

ಆಕಾಶವಾಣಿ ಭದ್ರಾವತಿಯ ಕೇಳುಗರಿಗೆ ನಮಸ್ಕಾರ. ಇದು ಅಡಿಕೆ ಸುಗ್ಗಿಯ ಕಾಲ. ನಿಮ್ಮಲ್ಲಿ ಅನೇಕರು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಲೇ ಈ ಮಾತುಗಳನ್ನು ಕೇಳುತ್ತಿರಬಹುದು. ಮನೆಯ ಮಕ್ಕಳನ್ನೂ ಹತ್ತಿರ ಕೂರಿಸಿಕೊಳ್ಳಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ, ಏಕೆಂದರೆ ಈ ರಾತ್ರಿ ಅವರು ಮಾಡಬೇಕಾದ ಒಂದು ಕೆಲಸವನ್ನು ಹೇಳಲಿದ್ದೇನೆ.

ಇಂದು ಡಿಸೆಂಬರ್ 4, ನೌಕಾಪಡೆಯ ದಿನ. ಕಳೆದ ಮಳೆಗಾಲದಲ್ಲಿ ನಮ್ಮನ್ನು ಅಗಲಿದ ಒಬ್ಬ ನಾವಿಕರನ್ನು, ನನ್ನ ಭೂಗೋಳದ ಗುರುಗಳನ್ನು, ಇಂದು ನೆನೆಯಬೇಕೆಂದು ಬಂದಿದ್ದೇನೆ. ತಮ್ಮ ಹೆಸರು ಎಲ್ಲಿಯೂ ಮೆರೆಯುವುದನ್ನು ಅವರು ಇಷ್ಟಪಡುತ್ತಿರಲಿಲ್ಲವಾದ್ದರಿಂದ ನಾನೂ ಹೆಸರು ಹೇಳುವುದಿಲ್ಲ. ಊರಿನವರಿಗೆ ಅವರು ನೇವಿ ಮೇಷ್ಟ್ರು, ಅಷ್ಟೇ. ಅವರಿಂದ ನಾನು ಕಲಿತದ್ದನ್ನೆಲ್ಲ ಎರಡೇ ಮಾತಿನಲ್ಲಿ ಹೇಳಬಹುದು: ಅಳೆದು ಹೇಳು. ಅಂದಾಜಿನಲ್ಲಿ ಹೇಳಬೇಡ, ಯಾರೋ ಹೇಳಿದರೆಂದು ಹೇಳಬೇಡ, ಅಳೆದು ಹೇಳು.

ಮಲೆನಾಡಿನ ಹುಡುಗ ಕಡಲಿಗೆ ಹೋದದ್ದು ಹೇಗೆ ಎಂದು ನೀವು ಕೇಳಬಹುದು. ಅವರದು ಮುಳುಗಡೆಯ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಏರಿದಾಗ ಮನೆ, ತೋಟ, ಗದ್ದೆ ಎಲ್ಲವೂ ನೀರಿನ ಪಾಲಾಗಿ, ಅವರ ತಂದೆ ಎರಡು ಎಮ್ಮೆ ಮತ್ತು ಒಂದು ಬಾಗಿಲ ಚೌಕಟ್ಟಿನೊಂದಿಗೆ ಶಿವಮೊಗ್ಗ ತಾಲ್ಲೂಕಿನ ಕಾಡಂಚಿಗೆ ಬಂದು ನೆಲೆಸಿದರು. ನೀರಿನ ಮಟ್ಟ 1819 ಅಡಿ ಎಂದು ಯಾರೋ ಎಲ್ಲಿಯೋ ಅಳೆದು ಬರೆದಿಟ್ಟರು, ನಮ್ಮ ಮನೆಯ ಹೊಸ್ತಿಲು ಅದಕ್ಕಿಂತ ಕೆಳಗಿತ್ತು ಎಂದು ಮೇಷ್ಟ್ರು ಹೇಳುತ್ತಿದ್ದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೆ ಅಳತೆ ಎಂಬುದು ಎಂಥ ದೊಡ್ಡ ಸಂಗತಿ ಎಂದು ಆ ಹುಡುಗನಿಗೆ ಹದಿಹರೆಯದಲ್ಲೇ ತಿಳಿದಿತ್ತು ಎಂದು ನಾನು ನಂಬಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿಸಿ ನೌಕಾಪಡೆಗೆ ಸೇರಿದರು. ಕೊಚ್ಚಿಯ ಸಿಗ್ನಲ್ ಶಾಲೆಯಲ್ಲಿ ಬಾವುಟದ ಭಾಷೆಯನ್ನೂ ದೀಪದ ಮೋರ್ಸ್ ಸಂಕೇತವನ್ನೂ ಕಲಿತು, 15 ವರ್ಷ ಹಡಗುಗಳ ಮೇಲೆ ದುಡಿದರು.

1971ರ ಯುದ್ಧದಲ್ಲಿ ಅವರು ವಿಮಾನವಾಹಕ ನೌಕೆ ವಿಕ್ರಾಂತ್‌ನಲ್ಲಿದ್ದರು. ಅದರ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಉಳಿದ ಮೂರರ ಬಲದಲ್ಲೇ ಆ ಹಡಗು ಬಂಗಾಳ ಕೊಲ್ಲಿಗೆ ಹೋಯಿತು, ಡಿಸೆಂಬರ್ 4ರಿಂದ ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಬಂದರುಗಳ ಮೇಲೆ ಎರಗಿದವು. ಇದನ್ನು ಅವರು ಕೇಳಿದವರಿಗೆ ಮಾತ್ರ ಹೇಳುತ್ತಿದ್ದರು. ಕೇಳದಿದ್ದರೂ ಪ್ರತಿ ವರ್ಷ ತಪ್ಪದೆ ಮಾಡುತ್ತಿದ್ದದ್ದು ಬೇರೆ. ಡಿಸೆಂಬರ್ 9ರ ಸಂಜೆ ಜಗಲಿಯ ಮೇಲೆ ಒಂದು ದೀಪ ಹಚ್ಚಿಟ್ಟು ಸುಮ್ಮನೆ ಕುಳಿತುಬಿಡುತ್ತಿದ್ದರು. 1971ರ ಆ ರಾತ್ರಿ ದಿಯು ತೀರದಾಚೆ ಖುಕ್ರಿ ಎಂಬ ನೌಕೆ ಜಲಾಂತರ್ಗಾಮಿಯ ಹೊಡೆತಕ್ಕೆ ಸಿಕ್ಕಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಕೊಚ್ಚಿಯಲ್ಲಿ ಮೇಷ್ಟ್ರ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಮೋರ್ಸ್ ಕಲಿತ ಗೆಳೆಯನೊಬ್ಬ ಆ 176ರಲ್ಲಿ ಇದ್ದ.

ಸೇವೆ ಮುಗಿದ ಮೇಲೆ ಅವರು ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣದಲ್ಲಿ ಪದವಿ ಪಡೆದು, ಬಿ.ಎಡ್. ಮುಗಿಸಿ, ನಮ್ಮ ಪ್ರೌಢಶಾಲೆಗೆ ಬಂದರು. ಆಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ.

ಅಕ್ಷಾಂಶದ ಪಾಠ ನಡೆದಿತ್ತು. ಅಕ್ಷಾಂಶ ಎಂದರೇನು ಎಂದು ಕೇಳಿದರೆ ಭೂಮಧ್ಯರೇಖೆಗೆ ಸಮಾನಾಂತರವಾಗಿ ಎಳೆದ ಕಾಲ್ಪನಿಕ ರೇಖೆ ಎಂದು ಇಡೀ ತರಗತಿ ಒಂದೇ ಉಸಿರಿಗೆ ಒಪ್ಪಿಸಿತು. ಮೇಷ್ಟ್ರು, ‘ಸರಿ, ಹಾಗಾದರೆ ನಮ್ಮ ಊರು ಎಷ್ಟನೆಯ ಅಕ್ಷಾಂಶದಲ್ಲಿದೆ?’ ಎಂದರು. ಯಾರೂ ಬಾಯಿ ಬಿಡಲಿಲ್ಲ. ಒಬ್ಬಳು ಅಟ್ಲಾಸ್ ತೆರೆಯಲು ಹೋದಳು. ಅದನ್ನು ಮುಚ್ಚಿಸಿ, ಶನಿವಾರ ರಾತ್ರಿ ಊಟ ಮಾಡಿಕೊಂಡು ಎಲ್ಲರೂ ಕೆರೆ ಏರಿಯ ಮೇಲೆ ಸೇರಬೇಕು, ಕಂಪಾಸು ಪೆಟ್ಟಿಗೆಯ ಕೋನಮಾಪಕ, ಒಂದು ಗೇಣು ವಾಟೆ ಕೊಳವೆ, ಒಂದು ಮೊಳ ದಾರ, ಒಂದು ಗೋಟಡಿಕೆ ತರಬೇಕು ಎಂದು ಹೇಳಿದರು. ಗೋಟಡಿಕೆ ಏಕೆಂದು ಕೇಳಿದ್ದಕ್ಕೆ, ‘ನೇತುಹಾಕುವುದಕ್ಕೆ’ ಎಂದಷ್ಟೇ ಉತ್ತರ.

ಕೆರೆ ಏರಿಯನ್ನೇ ಏಕೆ ಆರಿಸಿದರು ಎಂಬುದು ಅಲ್ಲಿಗೆ ಹೋದಾಗ ತಿಳಿಯಿತು. ನಮ್ಮ ಕಡೆ ಎತ್ತ ನೋಡಿದರೂ ಗುಡ್ಡ, ಮರ. ಉತ್ತರ ದಿಕ್ಕು ಬಯಲಾಗಿ ಕಾಣುವ ಜಾಗ ಅದೊಂದೇ. ಕೋನಮಾಪಕದ ನೇರ ಅಂಚಿಗೆ ವಾಟೆ ಕೊಳವೆಯನ್ನು ಕಟ್ಟಿಸಿದರು, ಅದರ ಮಧ್ಯದ ಗುರುತಿನಿಂದ ದಾರ ಇಳಿಬಿಟ್ಟು ತುದಿಗೆ ಗೋಟಡಿಕೆ ಕಟ್ಟಿಸಿದರು. ಆಮೇಲೆ ಉತ್ತರದ ಆಕಾಶದಲ್ಲಿ ಇಂಗ್ಲಿಷಿನ ಎಂ ಅಕ್ಷರದಂತೆ ಹರಡಿದ್ದ ಐದು ನಕ್ಷತ್ರಗಳನ್ನು ತೋರಿಸಿದರು. ಅದು ಕಾಸಿಯೋಪಿಯ. ಅದರ ಕೆಳಗೆ, ದಿಗಂತಕ್ಕೆ ಸಮೀಪದಲ್ಲಿ, ಒಂಟಿಯಾಗಿ ಮಂಕಾಗಿ ಇದ್ದದ್ದೇ ಧ್ರುವ. ನಮಗೆ ಬಹಳ ನಿರಾಸೆಯಾಯಿತು. ಕತೆಯ ಧ್ರುವ ಆಕಾಶಕ್ಕೆಲ್ಲ ದೊಡ್ಡ ನಕ್ಷತ್ರವೆಂದು ನಾವು ತಿಳಿದಿದ್ದೆವು. ‘ದೊಡ್ಡದಲ್ಲ, ಆದರೆ ಅಲುಗುವುದಿಲ್ಲ. ನಾವಿಕನಿಗೆ ಬೇಕಾದದ್ದು ಅದು’ ಎಂದರು ಮೇಷ್ಟ್ರು. ಹಡಗಿನಲ್ಲಿ ನಕ್ಷತ್ರದ ಎತ್ತರ ಅಳೆಯುವ ಸೆಕ್ಸ್‌ಟಂಟ್ ಹಿಡಿಯುವುದು ಅಧಿಕಾರಿಗಳ ಕೆಲಸ. ಸಿಗ್ನಲ್ ಕಾವಲಿಗೆ ಅವರ ಪಕ್ಕದಲ್ಲಿ ನಿಲ್ಲುತ್ತಿದ್ದ ಈ ಹುಡುಗ ಕೇಳಿ ಕೇಳಿ ಆ ವಿದ್ಯೆ ಕಲಿತಿದ್ದ.

ಕೊಳವೆಯೊಳಗಿಂದ ಧ್ರುವನನ್ನು ನೋಡಬೇಕು. ಪಕ್ಕದವರು ದಾರ ನಿಂತ ಅಂಕಿಯನ್ನು ಟಾರ್ಚು ಬೆಳಕಿನಲ್ಲಿ ಓದಬೇಕು. ಆ ಅಂಕಿಯನ್ನು 90ರಲ್ಲಿ ಕಳೆದರೆ ಧ್ರುವ ಎಷ್ಟು ಎತ್ತರದಲ್ಲಿದ್ದಾನೆಂದು ತಿಳಿಯುತ್ತದೆ, ಧ್ರುವನ ಎತ್ತರ ಎಷ್ಟೋ ನಿಮ್ಮ ಊರಿನ ಅಕ್ಷಾಂಶ ಅಷ್ಟೇ. ಕೇಳುಗರೇ, ಇದಕ್ಕಿಂತ ಸರಳವಾದ ಭೂಗೋಳ ನನಗೆ ತಿಳಿಯದು. ನನ್ನ ದಾರ 76ರ ಮೇಲೆ ನಿಂತಿತು, ಎಂದರೆ 14. ಒಬ್ಬೊಬ್ಬರಾಗಿ 13, 15, 14 ಎಂದು ಹೇಳುತ್ತ ಬಂದರು. ಒಬ್ಬ ಹುಡುಗನದು ಮಾತ್ರ 19 ಬಂತು. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ನಮ್ಮೆಲ್ಲರನ್ನೂ ಸುಮ್ಮನಾಗಿಸಿ, ‘ಒಂದು ಡಿಗ್ರಿಗೆ ಅರವತ್ತು ನಾಟಿಕಲ್ ಮೈಲಿ, ನೂರಾ ಹನ್ನೊಂದು ಕಿಲೋಮೀಟರು. ಐದು ಡಿಗ್ರಿಗೆ ಎಷ್ಟು?’ ಎಂದು ಅವನನ್ನೇ ಕೇಳಿದರು. ಅವನು ಬೆರಳು ಮಡಚಿ 555 ಎಂದ. ‘ಹಾಗಾದರೆ ನೀನೀಗ ಮುಂಬಯಿಯ ನೇರಕ್ಕೆ ನಿಂತಿದ್ದೀಯ. ಕೊಳವೆಯನ್ನು ಬಿಗಿಯಾಗಿ ಹಿಡಿ, ದಾರ ಓಲಾಡುವುದು ನಿಲ್ಲಲಿ, ಇನ್ನೊಮ್ಮೆ ಅಳೆದು ಹೇಳು.’ ಅವನು ಮೂರು ಸಲ ಅಳೆದ. ಮೂರನೆಯ ಸಲ 14 ಬಂದಾಗ ಕೆರೆ ಏರಿಯ ಮೇಲೆ ನಾವು ಹಾಕಿದ ಕೂಗಿಗೆ ಊರಿನ ನಾಯಿಗಳೆಲ್ಲ ಎದ್ದವು. ಮರುದಿನ ಅಟ್ಲಾಸ್ ತೆಗೆದು ನೋಡಿದೆವು. ಶಿವಮೊಗ್ಗ ಹೆಚ್ಚು ಕಡಿಮೆ 14 ಡಿಗ್ರಿಯಲ್ಲೇ ಇತ್ತು. ಅಟ್ಲಾಸ್ ಸರಿಯಾಗಿದೆ ಎಂದು ನಾವು ಒಪ್ಪಿಕೊಂಡೆವು!

ಮೂವತ್ತು ವರ್ಷ ಪಾಠ ಹೇಳಿದವನಾಗಿ ಒಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಈಗಲೂ ಮಕ್ಕಳು ಅದೇ ಕಾಲ್ಪನಿಕ ರೇಖೆಯನ್ನು ಗೈಡು ನೋಡಿ ಬರೆಯುತ್ತಾರೆ, ನಾವು ಅದಕ್ಕೆ ಪೂರ್ಣಾಂಕ ಕೊಡುತ್ತೇವೆ. ಒಂದು ಕೋನಮಾಪಕ, ಒಂದು ಅಡಿಕೆ ಇಲ್ಲದ ಮನೆ ಈ ಜಿಲ್ಲೆಯಲ್ಲಿ ಯಾವುದಿದೆ? ದಯವಿಟ್ಟು ಈ ರಾತ್ರಿಯೇ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು ಅಳೆಯಿಸಿ. ಮಳೆ ಮುಗಿದ ಈ ಆಕಾಶ ಇನ್ನು ಆರು ತಿಂಗಳು ಕಳೆದರೆ ಮತ್ತೆ ಮುಚ್ಚಿಹೋಗುತ್ತದೆ.

ಕುಟುಂಬದ ಮಾತಿಗೆ ಉಳಿದಿರುವ ಕಾಲ ಸಾಲದು. ಒಂದೆರಡನ್ನಾದರೂ ಹೇಳುತ್ತೇನೆ. ಮೂವರು ಹೆಣ್ಣುಮಕ್ಕಳಿಗೆ ಜೋಕಾಲಿ ಕಟ್ಟಿದ್ದೂ, ಕೊಟ್ಟಿಗೆಯ ಕರುವಿನ ಕೊರಳಿಗೆ ಹಗ್ಗ ಹಾಕಿದ್ದೂ ನಾವಿಕರ ಬೋಲೈನ್ ಗಂಟಿನಲ್ಲಿಯೇ. ಎಷ್ಟು ಜಗ್ಗಿದರೂ ಆ ಕುಣಿಕೆ ಬಿಗಿಯುವುದಿಲ್ಲ, ಜಾರುವುದಿಲ್ಲ, ಬೇಕಾದಾಗ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಹೆಂಡತಿ ಹಾಸಿಗೆ ಹಿಡಿದ ವರ್ಷ ಗಂಜಿ ಬೇಯಿಸುವುದನ್ನೂ ಮೇಷ್ಟ್ರು ಅಳೆದೇ ಕಲಿತರು.

ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟಿದ್ದರು. ದಿನವೂ ಬೆಳಗ್ಗೆ 8.30ಕ್ಕೆ, ಹವಾಮಾನ ಇಲಾಖೆ ಅಳೆಯುವ ಹೊತ್ತಿಗೆ ಸರಿಯಾಗಿ, ಕೊಡೆ ಹಿಡಿದು ಹೋಗಿ ನೋಡಿ ಹಡಗಿನ ಲಾಗ್ ಪುಸ್ತಕದಂತೆ ಗೆರೆ ಹಾಕಿದ ನೋಟುಬುಕ್ಕಿನಲ್ಲಿ ಮಿಲಿಮೀಟರಿನ ಲೆಕ್ಕ ಬರೆಯುತ್ತಿದ್ದರು. ಕಳೆದ ಮಳೆಗಾಲದಲ್ಲಿ ಅವರಿಗೆ ಏಳಲಾಗದ ದಿನ ಬಂದಾಗ ಕಿರಿಯ ಮಗಳು ಹೋಗಿ ನೋಡಿ ಬಂದು, ಮಳೆ ಬಹಳ ಬಂದಿದೆ ಅಪ್ಪ ಎಂದಳಂತೆ. ಮೇಷ್ಟ್ರು ಕಣ್ಣು ತೆರೆದು, ‘ಬಹಳ ಎಂದರೆ ಎಷ್ಟು?’ ಎಂದರು. ಅವಳು ಮತ್ತೆ ಕೊಡೆ ಹಿಡಿದು ಅಂಗಳಕ್ಕೆ ಇಳಿದಳು. ಆ ದಿನದಿಂದ ಇಂದಿನವರೆಗೂ ಆ ಪುಸ್ತಕದಲ್ಲಿರುವುದು ಅವಳ ಅಕ್ಷರ.

ನಮಸ್ಕಾರ.