ಇನ್ನೊಂದು ತಟ್ಟೆಯಲ್ಲಿ ಏನಿದೆ ಸ್ವಾಮಿ?

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಕಮೆಂಟ್ ಹಾಕಿದ್ದಾರೆ: "ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಹಾಕಿಸಿದ ಮೇಲೆ ಮಗುವಿಗೆ ಜ್ವರ ಬಂತು. ನಿಮಗೆ ಕಂಪನಿಯವರು ಎಷ್ಟು ಕೊಟ್ಟರು?" ಕೊಟ್ಟಿದ್ದರೆ ಒಳ್ಳೇ ಮೈಕ್ ತಗೊಳ್ಳುತ್ತಿದ್ದೆ. ಪಕ್ಕದ ಮನೆ ಕುಕ್ಕರ್ ಸೀಟಿ ನಿಮಗೂ ಕೇಳಿಸುತ್ತಿದೆ ಅಲ್ವಾ?

ಜ್ವರ ಬರುತ್ತದೆ. ವಾರ, ಹತ್ತು ದಿನ ಬಿಟ್ಟು ಕೆಲವು ಮಕ್ಕಳಿಗೆ ಮೈ ಬಿಸಿಯಾಗುತ್ತದೆ. ಸುಮಾರು 3,000–4,000 ಮಕ್ಕಳಲ್ಲಿ ಒಬ್ಬರಿಗೆ ಜ್ವರದ ಫಿಟ್ಸ್ ಕೂಡ ಬರಬಹುದು. ಒಪ್ಪಿದೆ, ತಕ್ಕಡಿಗೆ ಹಾಕಿ. ಇನ್ನೊಂದು ತಟ್ಟೆಗೆ ಏನು ಹಾಕಿದಿರಿ? ಆರಾಮಾಗಿ ಆಡಿಕೊಂಡಿರುವ ಮಗುವನ್ನಾ? ಅಲ್ಲಿ ದಡಾರವನ್ನು ಕೂರಿಸಬೇಕು! ದಡಾರ ಬಂದ 20 ಮಕ್ಕಳಲ್ಲಿ ಒಬ್ಬರಿಗೆ ನ್ಯುಮೋನಿಯಾ. 1,000ಕ್ಕೆ ಒಬ್ಬರಿಗೆ ಮೆದುಳಿನ ಊತ.

ಪೆಸಿಫಿಕ್ ಸಾಗರದ ಸಮೋವಾ ಎಂಬ ಪುಟ್ಟ ದ್ವೀಪದೇಶದ ಕಥೆ ಕೇಳಿ. 2018ರಲ್ಲಿ ಅಲ್ಲಿ ಲಸಿಕೆ ಚುಚ್ಚಿಸಿಕೊಂಡ ಎರಡು ಕೂಸುಗಳು ಸತ್ತವು. ಲಸಿಕೆಯ ಪುಡಿಗೆ ನೀರು ಬೆರೆಸುವ ಬದಲು ನರ್ಸ್‌ಗಳು ಅವಧಿ ಮುಗಿದ ಬೇರೇನೋ ಔಷಧಿ ಬೆರೆಸಿದ್ದರು. ಜೈಲಿಗೂ ಹೋದರು. ಆದರೆ ಜನ ಹೆದರಿದ್ದು ಲಸಿಕೆಗೆ. ತಿಂಗಳುಗಟ್ಟಲೆ ಲಸಿಕೆಯೇ ನಿಂತುಹೋಯಿತು. 2019ರ ಕೊನೆಗೆ ದಡಾರ ನುಗ್ಗಿತು. ಇರುವುದೇ 2 ಲಕ್ಷ ಜನ, ಸತ್ತವರು 83. ಹೆಚ್ಚಿನವರು ಪುಟ್ಟ ಮಕ್ಕಳು. ಡಿಸೆಂಬರಿನಲ್ಲಿ ಸರ್ಕಾರಿ ಕಚೇರಿಗಳನ್ನು ಮುಚ್ಚಿ, "ಲಸಿಕೆ ಆಗದವರು ಮನೆ ಮುಂದೆ ಕೆಂಪು ಬಟ್ಟೆ ಕಟ್ಟಿ" ಎಂದರು. ತಂಡಗಳು ಆ ಬಟ್ಟೆ ನೋಡಿಕೊಂಡು ಮನೆಮನೆಗೆ ಹೋದವು. ಇನ್ನೊಂದು ತಟ್ಟೆಯಲ್ಲಿ ಇದಿದೆ!

"ನಮ್ಮ ಕಾಲದಲ್ಲಿ ಬೇವಿನ ಸೊಪ್ಪು ಹಾಸಿ ಮಲಗಿಸುತ್ತಿದ್ದರು, ನಾವೆಲ್ಲ ಬದುಕಲಿಲ್ವಾ?" ಬದುಕಿದವರು ತಾನೇ ಕಮೆಂಟ್ ಹಾಕುವುದು!

ಇನ್ನು "ಲಸಿಕೆಯಿಂದ ಆಟಿಸಂ ಬರುತ್ತದೆ" ಎಂಬ ಮಾತು. ಆ ಭಯ ಹಬ್ಬಿಸಿದ 1998ರ ಲೇಖನವನ್ನು ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 2010ರಲ್ಲೇ ವಾಪಸ್ ತೆಗೆದುಕೊಂಡಿತು. ಬರೆದ ಡಾಕ್ಟರ ಲೈಸೆನ್ಸೂ ಹೋಯಿತು. ಸುದ್ದಿ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಮಾತ್ರ ಇನ್ನೂ ತಲುಪಿಲ್ಲ, ನೆಟ್‌ವರ್ಕ್ ಸಮಸ್ಯೆ ಇರಬೇಕು.

ಇನ್ನೊಂದು ತಟ್ಟೆ ಸ್ವಾಮಿ, ಇನ್ನೊಂದು ತಟ್ಟೆ! ಎಷ್ಟು ಸಲ ಹೇಳಲಿ? ಗಂಟಲು ಹೋಯಿತು. ತಾಯಿ ಕಾರ್ಡ್ ತೆಗೆದು ನೋಡಿ. 9 ತಿಂಗಳಿಗೆ ಒಂದು ಡೋಸ್, 16ರಿಂದ 24 ತಿಂಗಳೊಳಗೆ ಇನ್ನೊಂದು. ಎರಡನೇ ಡೋಸಿನ ಜಾಗ ಖಾಲಿ ಇದ್ದರೆ ಆಶಾ ಅಕ್ಕನಿಗೆ ಫೋನ್ ಮಾಡಿ. ಆಮೇಲೆ ಬಂದು ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಸಬ್‌ಸ್ಕ್ರೈಬ್ ಮಾಡಿಕೊಂಡು ಬೈಯಿರಿ, ಮೈಕ್ ತಗೊಳ್ಳಬೇಕು.