ಕಬಡ್ಡಿ ಅಂಪೈರ್ ಆಗ್ಬೇಕಾ? ಮೊದಲು ಕಾಲು ನೋಡೋದು ಕಲೀರಿ

[ದೃಶ್ಯ: ಹೊನಲು ಬೆಳಕಿನ ಅಂಕಣ, ರೈಡರ್‌ನ ಪಾದಗಳು ಹತ್ತಿರದಿಂದ]

ರೈಡರ್, ಅಂದ್ರೆ ಎದುರಾಳಿ ಅಂಕಣಕ್ಕೆ ದಾಳಿಗೆ ಹೋದವನು, ಅವನ ಬಲಗಾಲು ಬೋನಸ್ ಗೆರೆ ದಾಟ್ತು. ಎದುರು ಆರು ಜನ ನಿಂತಿದ್ದಾರೆ. ಅಂಕ ಕೊಡ್ತೀರಾ? ಎಡಗಾಲು ಎಲ್ಲಿತ್ತು ಅಂತ ನೋಡದೆ ಹೇಳೋಕಾಗಲ್ಲ. ಹಿಂದಿನ ಕಾಲು ಗಾಳಿಯಲ್ಲಿದ್ರೆ ಬೋನಸ್, ನೆಲಕ್ಕೆ ಊರಿದ್ರೆ ಇಲ್ಲ. ಎದುರು ಐದೇ ಜನ ಇದ್ರಂತೂ ಬೋನಸ್ಸಿನ ಮಾತೇ ಬರಲ್ಲ.

ಮಂಡ್ಯ, ಮೈಸೂರು ಸೀಮೆಯಲ್ಲಿ ಹಬ್ಬ, ಜಾತ್ರೆ, ರಾಜ್ಯೋತ್ಸವ ಅಂದ್ರೆ ಕಬಡ್ಡಿ ಇದ್ದೇ ಇರುತ್ತೆ. ಆಡೋ ಹುಡುಗರಿಗೆ ಬರ ಇಲ್ಲ. ನಿಯಮ ತಿಳಿದು ಆಡಿಸೋರು ಬೇಕು, ಅದೂ ತುರ್ತಾಗಿ ಬೇಕು.

[ದೃಶ್ಯ: ಟೇಪ್ ಹಿಡಿದು ಅಂಕಣ ಅಳೆಯುವುದು]

ಮ್ಯಾಚ್‌ಗೆ ಒಂದು ಗಂಟೆ ಮುಂಚೆ ಟೇಪ್ ಹಿಡೀರಿ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಧ್ಯಗೆರೆಯಿಂದ 3.75 ಮೀಟರ್‌ಗೆ ಬಾಕ್ ಲೈನ್ (ರೈಡರ್ ದಾಟಬೇಕಾದ ಗೆರೆ), ಅಲ್ಲಿಂದ ಇನ್ನೊಂದು ಮೀಟರ್‌ಗೆ ಬೋನಸ್ ಗೆರೆ. ಎರಡೂ ಬದಿ ಒಂದೊಂದು ಮೀಟರ್ ಲಾಬಿ, ಅಂದ್ರೆ ಮುಟ್ಟಾಟ, ಹಿಡಿದಾಟ ಶುರುವಾದ ಮೇಲಷ್ಟೇ ಕಾಲಿಡಬಹುದಾದ ಪಟ್ಟಿ. ಮಹಿಳೆಯರಿಗೆ 12 ಮತ್ತು 8. ಊರಲ್ಲಿ ಅಂಕಣ ಸೊಟ್ಟ ಆಗೋದೇ ಜಾಸ್ತಿ, ಅದಕ್ಕೆ ಮೂಲೆಯಿಂದ ಮೂಲೆಗೆ ಅಳೀರಿ: ಪುರುಷರ ಅಂಕಣದಲ್ಲಿ ಎರಡೂ ಕಡೆ 16.4 ಮೀಟರ್ ಬರಬೇಕು. ಮಣ್ಣಿನ ಮೇಲೆ ಎಳೆದ ಸುಣ್ಣದ ಗೆರೆ ಕಾಲಿಗೆ ಸಿಕ್ಕಿ ಬೇಗ ಅಳಿಸಿಹೋಗುತ್ತೆ. ವಿರಾಮದ 5 ನಿಮಿಷದಲ್ಲಿ ಮತ್ತೆ ಎಳೆಸಿ. ಗೆರೆಯೇ ಕಾಣದಿದ್ರೆ ನೀವು ಕೊಟ್ಟ ತೀರ್ಪನ್ನ ಯಾರೂ ನಂಬಲ್ಲ.

ಆಟಗಾರರ ಉಗುರು ನೋಡಿ. ಮೈಗೆ ಎಣ್ಣೆ ಸವರಿದ್ದಾರಾ ಅಂತ ಮುಟ್ಟಿ ನೋಡಿ. ಕಡಗ, ಉಂಗುರ, ಸರ ತೆಗೆಸಿ.

ಇನ್ನು ಕಣ್ಣಿನ ಕೆಲಸ. ಹೊಸಬರು ಎಡವೋದು ಇಲ್ಲೇ. ಹಿಡಿತ ಬಿದ್ದ ತಕ್ಷಣ ಎಲ್ಲರ ಕಣ್ಣೂ ಆ ಗುಂಪಿನ ಮೇಲೆ ಹೋಗುತ್ತೆ, ಅಂಪೈರ್ ಕಣ್ಣು ಹಾಗೆ ಹೋಗಬಾರದು. ಮಧ್ಯಗೆರೆಯ ನೇರಕ್ಕೆ ಓಡಿಬನ್ನಿ, ಸ್ವಲ್ಪ ಬಗ್ಗಿ, ರೈಡರ್‌ನ ಬೆರಳತುದಿ ಮತ್ತು ಗೆರೆ, ಇವೆರಡನ್ನೇ ನೋಡಿ. ಉಸಿರು ಬಿಡದೆ ಬೆರಳು ಗೆರೆ ಮುಟ್ಟಿದ್ರೆ ಅವನು ಬಚಾವ್, ಹಿಡಿದವರೆಲ್ಲ ಔಟ್. ಅವಸರಕ್ಕೆ ಸೀಟಿ ಊದಿದ್ರೆ ಮೂರು ನಾಲ್ಕು ಅಂಕ ಆ ಕಡೆಯಿಂದ ಈ ಕಡೆಗೆ ಹೋಗಿಬಿಡುತ್ತೆ. ಕಿವಿಯೂ ಬೇಕು: ‘ಕಬಡ್ಡಿ ಕಬಡ್ಡಿ’ ನಿಂತಿತಾ, 30 ಸೆಕೆಂಡ್ ಮುಗೀತಾ, ಎರಡೂ ಗಮನದಲ್ಲಿರಲಿ.

[ದೃಶ್ಯ: ಸ್ಕೋರ್ ಹಾಳೆ]

ಮೊದಲ ದಿನವೇ ಸೀಟಿ ಕೇಳಬೇಡಿ, ಸ್ಕೋರರ್ ಆಗಿ ಕೂತ್ಕೊಳ್ಳಿ. ಇಬ್ಬರನ್ನ ಮುಟ್ಟಿ ಬೋನಸ್ಸೂ ತಂದ್ರೆ ಅಂಕ ಮೂರು, ಆದ್ರೆ ಆ ತಂಡದಲ್ಲಿ ಔಟಾಗಿ ಕೂತವರಲ್ಲಿ ಒಳಗೆ ಬರೋರು ಇಬ್ಬರೇ. ಬೋನಸ್‌ಗೆ ಯಾರೂ ಜೀವ ಪಡೆಯಲ್ಲ. ಬರೋದೂ ಔಟಾದ ಕ್ರಮದಲ್ಲೇ. ಎದುರು ತಂಡ ಪೂರ್ತಿ ಔಟಾದ್ರೆ ಅದು ಲೋನಾ, ಅದಕ್ಕೆ ಎರಡು ಅಂಕ ಸೇರಿಸೋದು ಮರೆತರೆ ಕೊನೇ ಗಳಿಗೆಯಲ್ಲಿ ಜಗಳ ಗ್ಯಾರಂಟಿ.

ಜಗಳ ಅಂದ್ರೆ, ಕ್ಯಾಪ್ಟನ್ ಬಿಟ್ಟು ಬೇರೆ ಯಾರ ಜೊತೆಗೂ ಚರ್ಚೆಗೆ ಇಳೀಬೇಡಿ. ಇಬ್ಬರು ಅಂಪೈರ್‌ಗಳ ಅಭಿಪ್ರಾಯ ಬೇರೆಯಾದ್ರೆ ರೆಫರಿ ತೀರ್ಪು ಕೊಡ್ತಾರೆ. ಹಸಿರು ಕಾರ್ಡ್ ಎಚ್ಚರಿಕೆ, ಹಳದಿ ಕಾರ್ಡ್‌ಗೆ 2 ನಿಮಿಷ ಹೊರಗೆ.

ದುಡ್ಡಿನ ವಿಷಯ ನೇರವಾಗಿ ಹೇಳ್ತೀವಿ. ಕ್ರಿಕೆಟ್‌ನಲ್ಲಿ ನೋಡಿ, ಮೈಸೂರಿನ ಜಾವಗಲ್ ಶ್ರೀನಾಥ್ 2006ರಿಂದ ಐಸಿಸಿ ಮ್ಯಾಚ್ ರೆಫರಿ, ಅದು ಪೂರ್ಣಾವಧಿ ಕೆಲಸ. ಕಬಡ್ಡಿಯಲ್ಲಿ ಸಾಮಾನ್ಯವಾಗಿ ಸಿಗೋದು ದಿನಭತ್ಯೆ, ಓಡಾಟದ ಖರ್ಚು. ಹಾಗಾಗಿ ಕೈಯಲ್ಲಿರೋ ನೌಕರಿ ಬಿಡಬೇಡಿ. ಅಂಕಣದಲ್ಲಿ ಕಾಣೋ ಎಷ್ಟೋ ಅಂಪೈರ್‌ಗಳು ಶಾಲೆಯ ಪಿಇ ಮೇಷ್ಟ್ರುಗಳೇ. ಮೊದಲು ಜಿಲ್ಲಾ ಕಬಡ್ಡಿ ಸಂಸ್ಥೆಯಲ್ಲಿ ಹೆಸರು ಕೊಟ್ಟು ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಆಡಿಸಿ. ಆಮೇಲೆ ರಾಜ್ಯ ಮಟ್ಟದ ಪರೀಕ್ಷೆ, ಅದರ ಮೇಲೆ ರಾಷ್ಟ್ರಮಟ್ಟದ್ದು. 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯಂಥ ಲೀಗ್‌ವರೆಗೆ ಹೋಗಬೇಕಾದ್ರೂ ಈ ಮೆಟ್ಟಿಲುಗಳನ್ನ ಹತ್ತಲೇಬೇಕು.

ಪರೀಕ್ಷೆಗೆ ತಯಾರಾಗೋರು ಇಂಥ ಸನ್ನಿವೇಶಗಳನ್ನ ಬಾಯಿಪಾಠ ಮಾಡದೆ ಅಂಕಣದಲ್ಲಿ ನಿಂತು ಮಾಡಿ ನೋಡಿ: ರೈಡರ್ ಇನ್ನೂ ಯಾರನ್ನೂ ಮುಟ್ಟಿಲ್ಲ, ಒಬ್ಬ ಡಿಫೆಂಡರ್ ಲಾಬಿಗೆ ಕಾಲಿಟ್ಟು, ಅಲ್ಲಿಂದಲೇ ಹಾರಿ ರೈಡರ್‌ನ ಹಿಡಿದ. ಔಟ್ ಯಾರು? ಡಿಫೆಂಡರ್ ಮಾತ್ರ. ರೈಡರ್ ಸೇಫ್.